ಡಿಜಿಟಲ್ ಔಟ್ ಮಾತ್ರ ಇರೋ ಸೌಂಡ್ ಕಾರ್ಡ್ ಹಾಕಿದ್ಮೇಲೆ ಗುಂಯ್ ಸದ್ದು ಹೋಯ್ತು

ಮಡಿಕೇರಿ ಮಳೆಗಾಲ ಗೊತ್ತಲ್ವಾ, ಸಂಜೆ ಆದ್ರೆ ಮನೇಲಿ ಕೂತು ಹಾಡು ಕೇಳೋದೇ. ಆದ್ರೆ ಕಂಪ್ಯೂಟರಿಂದ ಯುಎಸ್‌ಬಿಲಿ ಡ್ಯಾಕ್‌ಗೆ (ಡಿಜಿಟಲ್ ಹಾಡನ್ನ ಅನಲಾಗ್ ಸಿಗ್ನಲ್ ಮಾಡೋ ಡಬ್ಬಿ) ಕೊಟ್ರೆ ಸ್ಪೀಕರಲ್ಲಿ ಒಂದೇ ಸಮ ಗುಂಯ್, ಮೌಸ್ ಅಲ್ಲಾಡಿಸಿದ್ರೆ ಕಿರ್ ಕಿರ್ ಬೇರೆ. ಡ್ಯಾಕ್ ಸರಿಯಾಗೇ ಇತ್ತು, ಕಂಪ್ಯೂಟರ್ ಗ್ರೌಂಡೂ ಆಂಪ್ಲಿಫೈಯರ್ ಗ್ರೌಂಡೂ ಕೇಬಲ್ ಮೂಲಕ ಸೇರ್ಕೊಂಡು ಲೂಪ್ ಆಗಿತ್ತು, ಅದ್ರಲ್ಲಿ ಸುತ್ತೋ ಕರೆಂಟೇ ಆ ಸದ್ದು.

ಅದಕ್ಕೆ ಆಪ್ಟಿಕಲ್ ಔಟ್ ಇರೋ ಕಾರ್ಡ್ ಹುಡುಕಿದೆ, ಅದ್ರಲ್ಲಿ ಹೋಗೋದು ಬರೀ ಬೆಳಕು, ತಾಮ್ರದ ತಂತೀನೇ ಇಲ್ಲ, ಹಾಗಾಗಿ ಲೂಪ್ ಅಲ್ಲೇ ಕಟ್. ಅನಲಾಗ್ ಭಾಗ ಭಾರಿ ಇರೋ ಕಾರ್ಡಿಗೆ ದುಡ್ಡು ಸುರಿಯೋದು ದಂಡ ಕಣ್ರಿ, ಆ ಕೆಲಸಕ್ಕೆ ಡ್ಯಾಕ್ ಇದ್ಯಲ್ಲ! ನೋಡ್ಬೇಕಾದ್ದು ಒಂದೇ, ಸಿಡಿ ಹಾಡು 44.1 ಕಿಲೋಹರ್ಟ್ಸ್ (ಸೆಕೆಂಡಿಗೆ 44,100 ಸ್ಯಾಂಪಲ್), ಅದನ್ನ ಹಾಗೇ ಹೊರಗೆ ಕಳಿಸತ್ತಾ ಅಂತ, ಯಾಕಂದ್ರೆ ಕೆಲವು ಹಳೇ ಕಾರ್ಡುಗಳು ಎಲ್ಲಾನೂ 48ಕ್ಕೆ ಬದಲಾಯಿಸಿಬಿಡ್ತವೆ. ಎಲ್ಲಾ ಸದ್ದನ್ನ ಒಂದಾಗಿಸೋ ವಿಂಡೋಸ್ ಮಿಕ್ಸರ್ ಕೂಡ 48ಕ್ಕೆ ಸೆಟ್ ಆಗಿದ್ರೆ ಅದೇ ಕೆಲಸ ಮಾಡತ್ತೆ, ಪ್ಲೇಯರಲ್ಲಿ ವಾಸಪಿ ಎಕ್ಸ್‌ಕ್ಲೂಸಿವ್ (ಮಿಕ್ಸರ್ ಬಿಟ್ಟು ಹಾಡನ್ನ ನೇರ ಕಾರ್ಡಿಗೆ ಕೊಡೋ ಸೆಟ್ಟಿಂಗ್) ಆನ್ ಮಾಡಿದೆ, ಈಗ ಡ್ಯಾಕ್ ಡಿಸ್‌ಪ್ಲೇಲಿ 44.1 ಅಂತಾನೇ ತೋರಿಸ್ತಿದೆ.

ಹಾಂ, ಹೊಸ ಆಪ್ಟಿಕಲ್ ಕೇಬಲ್ ತುದೀಲಿ ಸಣ್ಣ ಪ್ಲಾಸ್ಟಿಕ್ ಟೋಪಿ ಇರತ್ತೆ, ತೆಗೆದು, ಕೆಂಪು ಬೆಳಕು ಕಾಣತ್ತಾ ನೋಡಿ ಆಮೇಲೆ ಚುಚ್ಚಿ. ಜಾಸ್ತಿ ಮಡಚ್ಬೇಡಿ.