ಲಾಗಿನ್ ಆದವರ ಪ್ರೊಫೈಲ್: ಐಡಿ ಕೇಳಬೇಡಿ, ಟೋಕನ್ ನೋಡಿ

ಲಾಗಿನ್ ಆದ ಮೇಲೆ ಸ್ಕ್ರೀನಿನ ಮೂಲೆಯಲ್ಲಿ ಬಳಕೆದಾರರ ಹೆಸರು ಮತ್ತು ಫೋಟೊ ಕಾಣಬೇಕು. ಕೆಲಸ ಇಷ್ಟೇ. ಯೂಸರ್ ಮ್ಯಾನೇಜ್‌ಮೆಂಟ್ ಎಪಿಐಗೆ (ಪ್ರೋಗ್ರಾಂಗಳು ಸರ್ವರನ್ನು ಮಾಹಿತಿ ಕೇಳುವ ಬಾಗಿಲು) ಒಂದು ಗೆಟ್ ರಿಕ್ವೆಸ್ಟ್, ಅಂದರೆ ಮಾಹಿತಿ ಕೊಡಿ ಅನ್ನೋ ಕೋರಿಕೆ, ಕಳಿಸಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಆ್ಯಪ್ ತೆರೆದಾಗಲೆಲ್ಲ ಮೊದಲು ಹೋಗುವ ಕರೆ ಇದೇ. ಮೆನುವಿನಲ್ಲಿ ಏನೇನು ತೋರಿಸಬೇಕು, ಯಾವ ಭಾಷೆ ಬೇಕು, ಯಾವ ಬಟನ್ ಮರೆಯಾಗಬೇಕು ಅನ್ನೋದೆಲ್ಲ ಇದರ ಉತ್ತರದ ಮೇಲೆ ನಿಂತಿರುತ್ತದೆ. ಒಬ್ಬರ ಪ್ರೊಫೈಲ್ ಇನ್ನೊಬ್ಬರಿಗೆ ಕಂಡರೆ ಜನ ಆ ಆ್ಯಪನ್ನು ಮತ್ತೆ ನಂಬುವುದು ಕಷ್ಟ. ಅದಕ್ಕೇ ಈ ಚಿಕ್ಕ ಎಂಡ್‌ಪಾಯಿಂಟ್ (ಎಪಿಐನಲ್ಲಿ ಕರೆ ಹೋಗುವ ಒಂದು ವಿಳಾಸ) ಮೇಲೆ ನಾನು ಬೇರೆಯವರಿಗಿಂತ ಜಾಸ್ತಿ ಹೊತ್ತು ಕೂತಿದ್ದೇನೆ. ಅದನ್ನು ಹೇಗೆ ಕಟ್ಟಿದೆ ಅಂತ ಇಲ್ಲಿ ಹೇಳುತ್ತೇನೆ.

ನನ್ನ ಕೈಗೆ ಬಂದಾಗ ವ್ಯವಸ್ಥೆ ಹೀಗಿತ್ತು. ಲಾಗಿನ್ ಆದ ಕೂಡಲೇ ಸರ್ವರ್ ಗುರುತಿನ ಚೀಟಿಯಂಥ ಒಂದು ಟೋಕನ್ ಮತ್ತು ಒಂದು ಯೂಸರ್ ಐಡಿ ಕೊಡುತ್ತಿತ್ತು. ಕ್ಲೈಂಟ್, ಅಂದರೆ ಬಳಕೆದಾರರ ಕಡೆ ಓಡುವ ಆ್ಯಪ್, ಎರಡನ್ನೂ ಇಟ್ಟುಕೊಂಡು, ಆಮೇಲೆ ‘/ಯೂಸರ್ಸ್/41’ ಅಂತ ಕೇಳುತ್ತಿತ್ತು. ಟೋಕನ್ ಸರಿ ಇದೆಯಾ ಅಂತ ಸರ್ವರ್ ನೋಡುತ್ತಿತ್ತು. ಆದರೆ ಆ ಟೋಕನ್ 41ನೇ ವ್ಯಕ್ತಿಯದ್ದೇನಾ ಅಂತ ಒಂದೊಂದು ಕಡೆ ನೋಡುತ್ತಿತ್ತು, ಒಂದೊಂದು ಕಡೆ ಇಲ್ಲ. ವಿಳಾಸದಲ್ಲಿ 41 ಅಳಿಸಿ 42 ಅಂತ ಹಾಕಿದರೆ ಏನಾಗುತ್ತದೆ ಅಂತ ನೀವೇ ಊಹಿಸಬಹುದು. ಇದು ಅಪರೂಪದ ತೊಂದರೆ ಏನಲ್ಲ. ಎಪಿಐಗಳ ಭದ್ರತಾ ಅಪಾಯಗಳ ಬಗ್ಗೆ ಸಾಫ್ಟ್‌ವೇರ್ ಭದ್ರತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ 2019ರಲ್ಲೂ 2023ರಲ್ಲೂ ಪಟ್ಟಿ ಮಾಡಿತು. ಎರಡರಲ್ಲೂ ಮೊದಲ ಸ್ಥಾನದಲ್ಲಿರುವುದು ಇದೇ ಜಾತಿಯ ತೊಂದರೆ: ಒಂದು ವಸ್ತುವಿನ ಐಡಿ ಕೊಟ್ಟರೆ, ಅದು ಕೇಳಿದವರದ್ದು ಹೌದೋ ಅಲ್ಲವೋ ಅಂತ ನೋಡದೆ ಕೊಟ್ಟುಬಿಡುವುದು.

ಎಲ್ಲ ಕಡೆ ಚೆಕ್ ಸೇರಿಸುತ್ತಾ ಹೋಗಬಹುದಿತ್ತು. ನಾನು ಬೇರೆ ದಾರಿ ಹಿಡಿದೆ. ಕ್ಲೈಂಟ್ ತನ್ನ ಐಡಿಯನ್ನು ಹೇಳಲೇಬಾರದು. ‘/ಯೂಸರ್ಸ್/ಮಿ’ ಅಂತ ಕೇಳಬೇಕು, ಅಷ್ಟೇ. ಆ ‘ಮಿ’ ಯಾರು ಅಂತ ಟೋಕನ್ ನೋಡಿ ಸರ್ವರ್ ತೀರ್ಮಾನಿಸಬೇಕು. ವಿಳಾಸದಲ್ಲಿ ಐಡಿಯೇ ಇಲ್ಲದಿದ್ದರೆ ಬದಲಾಯಿಸಲು ಏನೂ ಇರುವುದಿಲ್ಲ, ಅಲ್ವಾ? ಇದು ನನ್ನ ಕಲ್ಪನೆಯೇನೂ ಅಲ್ಲ. ಮೈಕ್ರೋಸಾಫ್ಟ್ ಕಂಪನಿಯ ಎಪಿಐ ಆದ ಮೈಕ್ರೋಸಾಫ್ಟ್ ಗ್ರಾಫ್‌ನಲ್ಲಿ ‘/ಮಿ’ ಇದೆ. ಗಿಟ್‌ಹಬ್‌ನಲ್ಲಿ ‘/ಯೂಸರ್’ ಇದೆ. ಬಳಕೆದಾರರ ಖಾತೆಗಳನ್ನು ನಿರ್ವಹಿಸಲು 2015ರಲ್ಲಿ ಬಂದ ಸ್ಕಿಮ್ ಪ್ರೊಟೊಕಾಲ್‌ನಲ್ಲೂ ‘/ಮಿ’ ಅನ್ನೋ ಅಡ್ಡಹೆಸರು ಇದೆ. ಲಾಗಿನ್‌ಗೆ ಇರುವ ಮಾನದಂಡವಾದ ಓಪನ್‌ಐಡಿ ಕನೆಕ್ಟ್‌ನಲ್ಲಿ ಇದೇ ಕೆಲಸಕ್ಕೆ ಯೂಸರ್‌ಇನ್ಫೋ ಎಂಡ್‌ಪಾಯಿಂಟ್ ಇದೆ.

ರೂಟ್ (ಯಾವ ವಿಳಾಸಕ್ಕೆ ಯಾವ ಕೋಡ್ ಓಡಬೇಕು ಅನ್ನೋ ಸಾಲು) ಬರೆಯುವಾಗ ಒಂದು ಸಣ್ಣ ವಿಷಯ ಗಮನಿಸಬೇಕು. ಸರ್ವರ್ ಕೋಡ್ ಬರೆಯಲು ಬಳಸುವ ಎಕ್ಸ್‌ಪ್ರೆಸ್, ಫಾಸ್ಟ್‌ಎಪಿಐ ತರದ ಫ್ರೇಮ್‌ವರ್ಕ್‌ಗಳು ರೂಟ್‌ಗಳನ್ನು ಬರೆದ ಕ್ರಮದಲ್ಲೇ ಹೊಂದಿಸಿ ನೋಡುತ್ತವೆ. ಯಾವ ಐಡಿಯನ್ನಾದರೂ ತೆಗೆದುಕೊಳ್ಳುವ ರೂಟನ್ನು ಮೊದಲು ಬರೆದು, ‘ಮಿ’ ರೂಟನ್ನು ಕೆಳಗೆ ಬರೆದರೆ, ‘ಮಿ’ ಅನ್ನೋದೇ ಒಂದು ಐಡಿ ಅಂತ ಅದು ತಿಳಿದುಕೊಳ್ಳುತ್ತದೆ. ಡೇಟಾಬೇಸ್‌ನಲ್ಲಿ ‘ಮಿ’ ಅನ್ನೋ ಐಡಿಯವರು ಯಾರೂ ಇಲ್ಲ. ಸಿಗಲಿಲ್ಲ ಅನ್ನೋ 404 ಉತ್ತರ ಬರುತ್ತದೆ. ಅದಕ್ಕೆ ‘ಮಿ’ ಯಾವಾಗಲೂ ಮೇಲೆ ಇರಬೇಕು. ಬಳಕೆದಾರರು ತಾವೇ ಯೂಸರ್‌ನೇಮ್ ಆರಿಸಿಕೊಳ್ಳುವ, ಅದೇ ವಿಳಾಸದಲ್ಲಿ ಬರುವ ವ್ಯವಸ್ಥೆಯಾದರೆ ‘ಮಿ’ ಅನ್ನೋ ಹೆಸರನ್ನು ಯಾರಿಗೂ ಕೊಡದ ಹಾಗೆ ಕಾದಿರಿಸಿ.

ಇನ್ನು ರಿಕ್ವೆಸ್ಟ್. ರಿಕ್ವೆಸ್ಟ್ ಜೊತೆ ಹೋಗುವ ಆಥರೈಜೇಷನ್ ಅನ್ನೋ ಹೆಡರ್‌ನಲ್ಲಿ ಬೇರರ್ ಅಂತ ಬರೆದು, ಒಂದು ಜಾಗ ಬಿಟ್ಟು ಟೋಕನ್ ಹಾಕಬೇಕು. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಟೋಕನ್ ಅಂಟಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ವಿಳಾಸ ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುತ್ತದೆ, ಸರ್ವರ್ ಲಾಗ್‌ನಲ್ಲಿ ಉಳಿಯುತ್ತದೆ, ಮಧ್ಯದ ಪ್ರಾಕ್ಸಿಗಳಲ್ಲೂ ಉಳಿಯುತ್ತದೆ. ಬೇರರ್ ಟೋಕನ್ ಯಾರ ಕೈಗೆ ಸಿಕ್ಕರೂ ಕೆಲಸ ಮಾಡುತ್ತದೆ.

ಸರ್ವರ್ ಕಡೆ ಟೋಕನ್ ಪರೀಕ್ಷೆಗೆ ನಾನು ಬಹಳ ಹೊತ್ತು ಕೊಟ್ಟೆ. ನಮ್ಮದು ಜೆಡಬ್ಲ್ಯುಟಿ, ಅಂದರೆ ಮಾಹಿತಿಯನ್ನೂ ಅದರ ಮೇಲಿನ ಡಿಜಿಟಲ್ ಸಹಿಯನ್ನೂ ಹೊತ್ತ ಟೋಕನ್. ಚುಕ್ಕಿಯಿಂದ ಬೇರೆಯಾದ ಮೂರು ಭಾಗ. ನಡುವಿನ ಭಾಗವನ್ನು ಬೇಸ್64 ಅನ್ನೋ ಬರಹ ರೂಪದಿಂದ ಬಿಡಿಸಿದರೆ ಯಾರು ಬೇಕಾದರೂ ಓದಬಹುದು. ಹಾಗೆ ಓದಿಕೊಂಡು ‘ಇವರೇ’ ಅಂತ ನಂಬುವ ಕೋಡ್ ನಾನು ನೋಡಿದ್ದೇನೆ. ಓದುವುದು ಬೇರೆ, ಪರೀಕ್ಷಿಸುವುದು ಬೇರೆ. ಮೊದಲು ಸಹಿ ಸರಿ ಇದೆಯಾ ಅಂತ ನೋಡಬೇಕು. ಯಾವ ಆಲ್ಗಾರಿದಮ್ ಅಂತ ಟೋಕನ್ ಹೇಳಿದ್ದನ್ನು ನಂಬದೆ, ನಾವು ಒಪ್ಪಿದ ಆಲ್ಗಾರಿದಮ್ ಮಾತ್ರ ಅಂತ ಗಟ್ಟಿಯಾಗಿ ಬರೆಯಬೇಕು. ಆಮೇಲೆ ಟೋಕನ್ ಕೊಟ್ಟವರು ಯಾರು, ಅವಧಿ ಮುಗಿದಿದೆಯಾ ಅಂತ ನೋಡಬೇಕು. ಎಲ್ಲಕ್ಕಿಂತ ಜಾಸ್ತಿ ಜನ ಬಿಟ್ಟುಬಿಡುವುದು ಆಡಿಯೆನ್ಸ್. ಈ ಟೋಕನ್ ನಮ್ಮ ಎಪಿಐಗೆ ಅಂತಲೇ ಕೊಟ್ಟಿದ್ದಾ, ಅಥವಾ ಅದೇ ಕಡೆಯಿಂದ ಬೇರೆ ಯಾವುದೋ ಆ್ಯಪ್‌ಗೆ ಕೊಟ್ಟಿದ್ದಾ? ಸಹಿ ಎರಡರಲ್ಲೂ ಸರಿಯಾಗೇ ಇರುತ್ತದೆ. ಆಡಿಯೆನ್ಸ್ ನೋಡದಿದ್ದರೆ ಆ ಬೇರೆ ಆ್ಯಪ್ ನಡೆಸುವವರು ನಮ್ಮ ಬಳಕೆದಾರರ ಹೆಸರಿನಲ್ಲಿ ನಮ್ಮ ಮನೆಗೇ ಬರಬಹುದು. ಇದೇ ಕಾರಣಕ್ಕೆ ಐಡಿ ಟೋಕನ್ ಕಳಿಸಿದರೂ ನಮ್ಮ ಎಪಿಐ ಒಪ್ಪುವುದಿಲ್ಲ. ಅದು ಯಾರು ಲಾಗಿನ್ ಆದರು ಅಂತ ಕ್ಲೈಂಟ್‌ಗೆ ಹೇಳಲು ಇರುವುದು. ಎಪಿಐಗೆ ಬರಬೇಕಾದದ್ದು ಆ್ಯಕ್ಸೆಸ್ ಟೋಕನ್.

ಇಷ್ಟಾದ ಮೇಲೆ ಟೋಕನ್ನಿನಿಂದ ನನಗೆ ಬೇಕಾದದ್ದು ಒಂದೇ ಒಂದು: ಸಬ್. ಅದು ಆ ವ್ಯಕ್ತಿಯ ಗುರುತು. ಓಪನ್‌ಐಡಿ ಕನೆಕ್ಟ್ ನಿಯಮದ ಪ್ರಕಾರ ಒಬ್ಬರಿಗೆ ಕೊಟ್ಟ ಸಬ್ ಅನ್ನು ಅದೇ ಕಡೆಯವರು ಇನ್ನೊಬ್ಬರಿಗೆ ಎಂದೂ ಕೊಡುವಂತಿಲ್ಲ. 255 ಅಕ್ಷರ ಮೀರುವಂತಿಲ್ಲ. ಟೇಬಲ್‌ನಲ್ಲಿ ಕಾಲಂ ಮಾಡುವಾಗ ಈ ಅಂಕಿ ನನಗೆ ಉಪಯೋಗಕ್ಕೆ ಬಂತು. ಆದರೆ ಸಬ್ ಒಂದೇ ಸಾಲದು. ಎರಡು ಕಡೆಯಿಂದ ಲಾಗಿನ್ ಬಿಟ್ಟರೆ ಎರಡೂ ಕಡೆ ಒಂದೇ ಸಬ್ ಇರಬಹುದು. ಹಾಗಾಗಿ ಟೋಕನ್ ಕೊಟ್ಟವರು ಮತ್ತು ಸಬ್, ಎರಡನ್ನೂ ಸೇರಿಸಿ, ಡೇಟಾಬೇಸ್‌ನಲ್ಲಿ ವ್ಯಕ್ತಿಯನ್ನು ಹುಡುಕುವ ಒಂದು ಕೀ ಮಾಡಿದೆ.

ಇಮೇಲನ್ನೇ ಕೀ ಮಾಡೋಣ, ಸುಲಭ ಅಂತ ಜೊತೆಯವರು ಹೇಳಿದ್ದರು. ನಾನು ಒಪ್ಪಲಿಲ್ಲ. ಜನ ಇಮೇಲ್ ಬದಲಾಯಿಸುತ್ತಾರೆ. ಕೆಲಸ ಬಿಟ್ಟವರ ಇಮೇಲ್ ವಿಳಾಸವನ್ನು ಅದೇ ಹೆಸರಿನ ಹೊಸಬರಿಗೆ ಕೊಡುವುದೂ ಉಂಟು. ಆಗ ಹೊಸಬರು ಲಾಗಿನ್ ಆದರೆ ಹಳಬರ ಪ್ರೊಫೈಲ್ ತೆರೆದುಕೊಳ್ಳುತ್ತದೆ. ಅದೂ ಅಲ್ಲದೆ ಇಮೇಲ್ ಬಂದೇ ಬರುತ್ತದೆ ಅಂತ ಹೇಳಲಾಗದು. ಗಿಟ್‌ಹಬ್‌ನ ‘/ಯೂಸರ್’ನಲ್ಲಿ ಇಮೇಲ್ ಫೀಲ್ಡ್ ಇದೆ. ಆದರೆ ಬಳಕೆದಾರರು ಅದನ್ನು ಸಾರ್ವಜನಿಕ ಮಾಡಿರದಿದ್ದರೆ ಅಲ್ಲಿ ನಲ್, ಅಂದರೆ ಖಾಲಿ, ಬರುತ್ತದೆ. ಬೇಕೇ ಬೇಕು ಅಂದರೆ ಇಮೇಲ್‌ಗೆ ಅಂತ ಇರುವ ಸ್ಕೋಪ್ (ಟೋಕನ್‌ಗೆ ಕೊಡುವ ಅನುಮತಿ) ಕೇಳಿ, ‘/ಯೂಸರ್/ಇಮೇಲ್ಸ್’ ಅನ್ನು ಬೇರೆಯಾಗಿ ಕರೆಯಬೇಕು.

ನಮ್ಮ ಉತ್ತರದಲ್ಲಿ ಏನೇನು ಇರಬೇಕು ಅನ್ನೋ ಚರ್ಚೆ ಸುಮಾರು ದಿನ ನಡೆಯಿತು. ಡೇಟಾಬೇಸ್‌ನ ಸಾಲನ್ನು ಹಾಗೇ ಜೇಸನ್ ಅನ್ನೋ ಪಠ್ಯ ರೂಪಕ್ಕೆ ತಂದು ಕಳಿಸುವುದು ಎಲ್ಲಕ್ಕಿಂತ ಸುಲಭ. ಒಂದು ಸಾಲಿನ ಕೋಡ್. ಆದರೆ ಆ ಟೇಬಲ್‌ನಲ್ಲಿ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡ್‌ನ ಗುಪ್ತ ರೂಪ) ಇದೆ, ಸಪೋರ್ಟ್ ತಂಡದವರು ಬರೆದ ಟಿಪ್ಪಣಿ ಇದೆ. ನಾಳೆ ಯಾರೋ ಹೊಸ ಕಾಲಂ ಸೇರಿಸಿದರೆ ಅದೂ ತಾನಾಗಿ ಹೊರಗೆ ಹೋಗುತ್ತದೆ. ಬೇಡದ್ದನ್ನು ತೆಗೆಯುವ ಪಟ್ಟಿ ನನಗೆ ಬೇಡವಾಗಿತ್ತು. ಬೇಕಾದದ್ದನ್ನು ಮಾತ್ರ ಹೆಸರಿಸುವ ಪಟ್ಟಿ ಮಾಡಿದೆ. ಐಡಿ, ತೋರಿಸುವ ಹೆಸರು, ಫೋಟೊ ವಿಳಾಸ, ಇಮೇಲ್, ಅದು ಖಚಿತವಾಗಿದೆಯಾ ಇಲ್ಲವಾ, ಭಾಷೆ, ಸಮಯ ವಲಯ, ರೋಲ್‌ಗಳು, ಕೊನೆಯ ಬದಲಾವಣೆಯ ಸಮಯ. ಮುಗಿಯಿತು. ಮೈಕ್ರೋಸಾಫ್ಟ್ ಗ್ರಾಫ್ ಕೂಡ ಸುಮ್ನೆ ‘/ಮಿ’ ಅಂದರೆ ಕೆಲವೇ ಫೀಲ್ಡ್ ಕೊಡುತ್ತದೆ. ಇಲಾಖೆಯ ಹೆಸರು ಬೇಕಾದರೆ ಸೆಲೆಕ್ಟ್ ಪ್ಯಾರಾಮೀಟರ್‌ನಲ್ಲಿ ಹೆಸರಿಟ್ಟು ಕೇಳಬೇಕು. ಆ ಕಟ್ಟುನಿಟ್ಟು ನನಗೆ ಇಷ್ಟ.

ಹೆಸರನ್ನು ಮೊದಲ ಹೆಸರು, ಕೊನೆಯ ಹೆಸರು ಅಂತ ಒಡೆಯಲಿಲ್ಲ. ಒಂದೇ ಹೆಸರಿರುವವರು ಬೇಕಾದಷ್ಟು ಜನ ಇದ್ದಾರೆ. ಅವರಿಂದ ಸುಮ್ನೆ ಒಂದು ಚುಕ್ಕಿ ಹಾಕಿಸಿಕೊಳ್ಳುವ ಫಾರಂ ನನಗೆ ಬೇಕಿರಲಿಲ್ಲ.

ಹೆಸರು, ರೋಲ್ ಎಲ್ಲ ಟೋಕನ್ನಿನಲ್ಲೇ ಇಡಬಹುದಲ್ಲ, ಕರೆಯೇ ಬೇಡವಲ್ಲ ಅನ್ನೋ ಪ್ರಶ್ನೆಯೂ ಬಂತು. ಟೋಕನ್ ಕೊಟ್ಟ ಕ್ಷಣದಲ್ಲಿ ಏನಿತ್ತೋ ಅದೇ ಅದರಲ್ಲಿ ಇರುತ್ತದೆ. ಬಳಕೆದಾರರು ಹೆಸರು ತಿದ್ದಿದರೂ ಹೊಸ ಟೋಕನ್ ಬರುವವರೆಗೆ ಹಳೆಯ ಹೆಸರೇ ಕಾಣುತ್ತದೆ. ಹೆಸರಾದರೆ ಪರವಾಗಿಲ್ಲ. ಒಬ್ಬರಿಂದ ಅಡ್ಮಿನ್ ರೋಲ್ ಕಿತ್ತುಕೊಂಡ ಮೇಲೂ ಟೋಕನ್ ಅವರನ್ನು ಅಡ್ಮಿನ್ ಅನ್ನುತ್ತಿದ್ದರೆ? ಅದಕ್ಕೆ ಟೋಕನ್ ಗುರುತು ಮಾತ್ರ ಹೇಳುತ್ತದೆ, ಉಳಿದದ್ದು ಡೇಟಾಬೇಸ್‌ನಿಂದ ಬರುತ್ತದೆ. ಪ್ರೊಫೈಲ್‌ನಲ್ಲಿ ಬರುವ ರೋಲ್ ಕೂಡ ಬಟನ್ ತೋರಿಸುವುದಕ್ಕೆ, ಮರೆಮಾಡುವುದಕ್ಕೆ ಅಷ್ಟೇ. ನಿಜವಾದ ಅನುಮತಿಯನ್ನು ಪ್ರತಿ ಕರೆಯಲ್ಲೂ ಸರ್ವರೇ ನೋಡಬೇಕು.

ತಪ್ಪಾದಾಗ ಏನು ಹೇಳಬೇಕು ಅನ್ನೋದನ್ನು ಮೊದಲೇ ಬರೆದಿಟ್ಟುಕೊಂಡಿದ್ದು ಒಳ್ಳೆಯದಾಯಿತು. ಟೋಕನ್ ಇಲ್ಲ, ಕೆಟ್ಟಿದೆ, ಅವಧಿ ಮುಗಿದಿದೆ ಅಂದರೆ 401. ಟೋಕನ್ ಸರಿ ಇದೆ, ಆದರೆ ಪ್ರೊಫೈಲ್ ಓದುವ ಸ್ಕೋಪ್ ಇಲ್ಲ ಅಂದರೆ 403. ಎರಡನ್ನೂ ಕಲಸಿದರೆ ಕ್ಲೈಂಟ್ ಒದ್ದಾಡುತ್ತದೆ. 401 ಬಂದರೆ ಅದು ಟೋಕನ್ ರಿಫ್ರೆಶ್ ಮಾಡಿ, ಅಂದರೆ ಹೊಸ ಟೋಕನ್ ಪಡೆದು, ಮತ್ತೆ ಕೇಳುತ್ತದೆ. ಸ್ಕೋಪ್ ಇಲ್ಲದ್ದಕ್ಕೂ 401 ಕೊಟ್ಟರೆ ರಿಫ್ರೆಶ್, ಮತ್ತೆ 401, ಮತ್ತೆ ರಿಫ್ರೆಶ್ ಅಂತ ಸುತ್ತುತ್ತಲೇ ಇರುತ್ತದೆ. ಟೋಕನ್ ಸರಿ ಇದ್ದು ಖಾತೆಯೇ ಅಳಿಸಿಹೋಗಿದ್ದರೆ? ಇದರ ಬಗ್ಗೆ ಒಮ್ಮತವಿಲ್ಲ. ಕೆಲವರು 404 ಅನ್ನುತ್ತಾರೆ. ನಾನು 401 ಇಟ್ಟೆ. ಕ್ಲೈಂಟ್ ರಿಫ್ರೆಶ್‌ಗೆ ಹೋಗುತ್ತದೆ, ಅಳಿದ ಖಾತೆಗೆ ರಿಫ್ರೆಶ್ ಸಿಗುವುದಿಲ್ಲ, ಲಾಗಿನ್ ಪುಟಕ್ಕೆ ಬರುತ್ತದೆ. ಆ ವ್ಯಕ್ತಿಗೆ ಬೇಕಾದ ದಾರಿಯೂ ಅದೇ.

ಮನುಷ್ಯರೇ ಇಲ್ಲದ ಕರೆಗಳೂ ಬರುತ್ತವೆ. ರಾತ್ರಿ ಓಡುವ ಒಂದು ಪ್ರೋಗ್ರಾಂ ತನ್ನದೇ ಕ್ಲೈಂಟ್ ಐಡಿ, ಸೀಕ್ರೆಟ್ ಕೊಟ್ಟು ಟೋಕನ್ ಪಡೆದಿರುತ್ತದೆ. ಅಲ್ಲಿ ‘ಮಿ’ ಅಂದರೆ ಯಾರು? ಯಾರೂ ಅಲ್ಲ. ಗ್ರಾಫ್ ಇಂಥ ಕರೆಯನ್ನು ನೇರವಾಗಿ ತಿರಸ್ಕರಿಸುತ್ತದೆ. ‘/ಮಿ’ ಬಳಕೆದಾರರ ಪರವಾಗಿ ಪಡೆದ ಟೋಕನ್‌ಗೆ ಮಾತ್ರ ಅನ್ನುತ್ತದೆ. ನಾವೂ ಹಾಗೇ ಮಾಡಿದೆವು, ಸ್ಪಷ್ಟವಾದ ಸಂದೇಶದ ಜೊತೆ 403. ಖಾಲಿ ಪ್ರೊಫೈಲ್ ಕೊಟ್ಟು ಸುಮ್ಮನಾಗುವುದಕ್ಕಿಂತ ಇದು ಎಷ್ಟೋ ವಾಸಿ.

ಬ್ರೌಸರ್‌ನಿಂದ ಕರೆದಾಗ ಇನ್ನೊಂದು ವಿಚಿತ್ರ ಎದುರಾಯಿತು. ಎಪಿಐ ಪರೀಕ್ಷಿಸಲು ಬಳಸುವ ಪೋಸ್ಟ್‌ಮನ್‌ನಲ್ಲಿ ಚೆನ್ನಾಗಿ ಬರುತ್ತಿದ್ದ ಉತ್ತರ ಬ್ರೌಸರ್‌ನಲ್ಲಿ ಬರುತ್ತಿರಲಿಲ್ಲ. ಕನ್ಸೋಲ್‌ನಲ್ಲಿ ಕಾರ್ಸ್ ಅಂತ ಕೆಂಪು ಸಾಲು. ಒಂದು ಡೊಮೇನ್‌ನ ಪುಟ ಇನ್ನೊಂದು ಡೊಮೇನನ್ನು ಕರೆಯುವಾಗ ಬ್ರೌಸರ್ ನೋಡುವ ನಿಯಮ ಅದು. ಕಾರಣ ಹೀಗೆ. ಪುಟ ಒಂದು ಡೊಮೇನ್‌ನಲ್ಲಿ, ಎಪಿಐ ಇನ್ನೊಂದರಲ್ಲಿ. ಆಥರೈಜೇಷನ್ ಹೆಡರ್ ಇದ್ದರೆ ಬ್ರೌಸರ್ ಮೊದಲು ಆಪ್ಷನ್ಸ್ ಅನ್ನೋ ರಿಕ್ವೆಸ್ಟ್ ಕಳಿಸಿ ಅನುಮತಿ ಕೇಳುತ್ತದೆ. ಆ ರಿಕ್ವೆಸ್ಟ್‌ನಲ್ಲಿ ಟೋಕನ್ ಇರುವುದಿಲ್ಲ. ಟೋಕನ್ ಪರೀಕ್ಷೆ ಎಲ್ಲ ರಿಕ್ವೆಸ್ಟ್‌ಗೂ ಕಾವಲು ನಿಂತಿದ್ದರಿಂದ ಅದಕ್ಕೂ 401 ಹೋಗುತ್ತಿತ್ತು. ನಿಜವಾದ ಗೆಟ್ ಹೊರಡುತ್ತಲೇ ಇರಲಿಲ್ಲ. ಪೋಸ್ಟ್‌ಮನ್ ಹೀಗೆ ಮೊದಲೇ ಕೇಳುವುದಿಲ್ಲ, ಹಾಗಾಗಿ ಅಲ್ಲಿ ಏನೂ ಗೊತ್ತಾಗುವುದಿಲ್ಲ. ಕಾರ್ಸ್ ನೋಡುವ ಭಾಗವನ್ನು ಟೋಕನ್ ಪರೀಕ್ಷೆಗಿಂತ ಮುಂದೆ ಹಾಕಿದೆ, ಸರಿಹೋಯಿತು.

ಕ್ಯಾಶ್, ಅಂದರೆ ಉತ್ತರದ ಪ್ರತಿ ಇಟ್ಟುಕೊಂಡು ಮತ್ತೆ ಕೊಡುವ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡಲಿಲ್ಲ. ‘/ಯೂಸರ್ಸ್/ಮಿ’ ಎಲ್ಲರಿಗೂ ಒಂದೇ ವಿಳಾಸ, ಉತ್ತರ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಮಧ್ಯದಲ್ಲಿ ನಿಂತು ಉತ್ತರ ಬೇಗ ತಲುಪಿಸುವ ಸಿಡಿಎನ್ ಜಾಲ ವಿಳಾಸ ನೋಡಿ ಉತ್ತರ ಇಟ್ಟುಕೊಂಡರೆ ಮೊದಲು ಕೇಳಿದವರ ಪ್ರೊಫೈಲ್ ಆಮೇಲೆ ಬಂದವರಿಗೆಲ್ಲ ಹೋಗುತ್ತದೆ. ಆಥರೈಜೇಷನ್ ಹೆಡರ್ ಇದ್ದರೆ ಹಂಚಿಕೆಯ ಕ್ಯಾಶ್‌ಗಳು ಸ್ಪಷ್ಟ ಅನುಮತಿ ಇಲ್ಲದೆ ಉತ್ತರ ಇಟ್ಟುಕೊಳ್ಳಬಾರದು ಅಂತ ಎಚ್‌ಟಿಟಿಪಿ ನಿಯಮವೇ ಹೇಳುತ್ತದೆ. ಆದರೆ ಲಾಗಿನ್ ಗುರುತು ಕುಕಿಯಲ್ಲಿದ್ದರೆ (ಬ್ರೌಸರ್ ತಾನೇ ಇಟ್ಟುಕೊಂಡು ಕಳಿಸುವ ಚಿಕ್ಕ ಮಾಹಿತಿ) ಆ ನಿಯಮ ಕಾಪಾಡುವುದಿಲ್ಲ. ನಮ್ಮ ವೆಬ್ ಆವೃತ್ತಿಯಲ್ಲಿ ಕುಕಿಯೂ ಇತ್ತು. ಅದಕ್ಕೆ ಕ್ಯಾಶ್ ಕಂಟ್ರೋಲ್ ಹೆಡರ್‌ನಲ್ಲಿ ಪ್ರೈವೇಟ್, ನೋ ಸ್ಟೋರ್ ಎರಡನ್ನೂ ಹಾಕಿದೆ. ಸಿಡಿಎನ್‌ನಲ್ಲೂ ಈ ದಾರಿಯನ್ನು ಕ್ಯಾಶ್‌ನಿಂದ ಹೊರಗಿಟ್ಟೆ.

ಹಾಗಾದರೆ ಸರ್ವರ್ ಮೇಲೆ ಭಾರ ಬೀಳುವುದಿಲ್ಲವಾ? ಬೀಳುತ್ತದೆ. ಆ ಭಾರವನ್ನು ಕ್ಲೈಂಟ್‌ನಲ್ಲೇ ಇಳಿಸಬೇಕು. ಮೆನು, ಸೆಟ್ಟಿಂಗ್ಸ್ ಪುಟ, ಕಾಮೆಂಟ್ ಪೆಟ್ಟಿಗೆ ಎಲ್ಲದಕ್ಕೂ ಪ್ರೊಫೈಲ್ ಬೇಕು. ಪ್ರತಿಯೊಂದೂ ತಾನೇ ಕೇಳಿದರೆ ಒಂದೇ ಪುಟಕ್ಕೆ ಅದೇ ಕರೆ ಮತ್ತೆ ಮತ್ತೆ ಹೋಗುತ್ತದೆ. ಅದಕ್ಕೆ ಎಲ್ಲರೂ ಒಂದೇ ಫಂಕ್ಷನ್ ಕರೆಯುವಂತೆ ಮಾಡಿದೆ. ಮೊದಲ ಕರೆ ಹೊರಟಾಗ ಅದರ ಪ್ರಾಮಿಸನ್ನು (ಇನ್ನೂ ಬರಬೇಕಾದ ಉತ್ತರದ ಜಾಗ ಹಿಡಿಯುವ ವಸ್ತು) ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದು ಮುಗಿಯುವ ಮೊದಲೇ ಕೇಳಿದವರಿಗೆ ಅದೇ ಪ್ರಾಮಿಸ್ ಸಿಗುತ್ತದೆ. ಟೋಕನ್ ರಿಫ್ರೆಶ್‌ಗೂ ಇದೇ ಉಪಾಯ. ಇಲ್ಲದಿದ್ದರೆ ಮೂರು ಕರೆಗಳಿಗೆ ಒಟ್ಟಿಗೆ 401 ಬಂದು, ಮೂರೂ ಒಂದೇ ರಿಫ್ರೆಶ್ ಟೋಕನ್ (ಹೊಸ ಟೋಕನ್ ಪಡೆಯಲು ಕೊಡುವ ಟೋಕನ್) ಹಿಡಿದು ಓಡುತ್ತವೆ. ಒಮ್ಮೆ ಬಳಸಿದ ಕೂಡಲೇ ರಿಫ್ರೆಶ್ ಟೋಕನ್ ಬದಲಾಗುವ ವ್ಯವಸ್ಥೆಯಲ್ಲಿ ಒಂದು ಗೆಲ್ಲುತ್ತದೆ, ಉಳಿದೆರಡು ಕದ್ದ ಟೋಕನ್‌ನಂತೆ ಕಾಣುತ್ತವೆ. ಏನೂ ಮಾಡದ ಬಳಕೆದಾರರು ಲಾಗೌಟ್ ಆಗುತ್ತಾರೆ.

ಲಾಗೌಟ್ ಒತ್ತಿದಾಗ ಮೆಮೊರಿಯಲ್ಲಿರುವ ಪ್ರೊಫೈಲನ್ನೂ ಅಳಿಸಬೇಕು. ಒಂದೇ ಕಂಪ್ಯೂಟರನ್ನು ಇಬ್ಬರು ಬಳಸುವಾಗ ಇದು ಗೊತ್ತಾಗುತ್ತದೆ. ಹೊರಟಿದ್ದ ಕರೆಯ ಉತ್ತರ ಲಾಗೌಟ್ ಆದ ಮೇಲೆ ಬಂದರೆ ಅದನ್ನು ಎಸೆಯಬೇಕು. ಅದಕ್ಕೆ ಪ್ರತಿ ಲಾಗಿನ್‌ಗೂ ಒಂದು ಸಂಖ್ಯೆ ಇಟ್ಟು, ಉತ್ತರ ಬಂದಾಗ ಸಂಖ್ಯೆ ಅದೇ ಇದೆಯಾ ಅಂತ ನೋಡುವಂತೆ ಮಾಡಿದೆ.

ಈ ಎಂಡ್‌ಪಾಯಿಂಟ್‌ಗೆ ಬರೆದ ಟೆಸ್ಟ್‌ಗಳಲ್ಲಿ ನನಗೆ ಜಾಸ್ತಿ ನೆಮ್ಮದಿ ಕೊಟ್ಟದ್ದು ಎರಡು. ಒಂದು, ಇಬ್ಬರು ಬಳಕೆದಾರರ ಟೋಕನ್‌ನಿಂದ ಒಂದರ ಹಿಂದೆ ಒಂದು ಕೇಳಿ, ಯಾರಿಗೆ ಯಾರದ್ದು ಬಂತು ಅಂತ ನೋಡುವುದು. ಅದನ್ನು ಸಿಡಿಎನ್ ಮೂಲಕವೇ ಓಡಿಸುತ್ತೇವೆ, ನೇರವಾಗಿ ಸರ್ವರ್‌ಗೆ ಅಲ್ಲ. ಇನ್ನೊಂದು, ಉತ್ತರದಲ್ಲಿರುವ ಫೀಲ್ಡ್‌ಗಳ ಹೆಸರು ಪಟ್ಟಿಯಲ್ಲಿರುವಷ್ಟೇ ಇವೆಯಾ ಅಂತ ನೋಡುವುದು. ಒಂದು ಜಾಸ್ತಿಯಾದರೂ ಬಿಲ್ಡ್ ನಿಲ್ಲುತ್ತದೆ. ಹೊಸ ಫೀಲ್ಡ್ ಬೇಕು ಅನ್ನುವವರು ಆ ಟೆಸ್ಟ್ ತಿದ್ದಲೇಬೇಕು. ತಿದ್ದಿದ್ದು ರಿವ್ಯೂಗೆ ಬಂದಾಗ, ಇದು ಯಾವ ಸ್ಕ್ರೀನಿಗೆ ಬೇಕು ಅಂತ ಕೇಳುತ್ತೇನೆ.