40 ಗಜದ ಓಟಕ್ಕೆ ಒಬ್ಬ ಹುಡುಗನನ್ನು ಸಜ್ಜು ಮಾಡಿದ್ದು

ನಾನು ಅಮೆರಿಕದ ಅರಿಜೋನಾದಲ್ಲಿ ಆಟಗಾರರಿಗೆ ಓಟ ಮತ್ತು ಕಸರತ್ತು ಕಲಿಸುವ ಕೋಚ್. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 200 ಮೀಟರ್ ಓಡುತ್ತಾ ಬೆಳೆದವನು. ಓದಲು ಇಲ್ಲಿಗೆ ಬಂದು ಇದೇ ಕೆಲಸ ಹಿಡಿದೆ. ಪ್ರತಿ ವರ್ಷ ಜನವರಿಯಲ್ಲಿ ಕಾಲೇಜು ಫುಟ್‌ಬಾಲ್ ಮುಗಿಸಿದ ಹುಡುಗರು ನಮ್ಮಲ್ಲಿಗೆ ಬರುತ್ತಾರೆ. ಇದು ಕಾಲ್ಚೆಂಡಿನಾಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಆಡುವ ಅಮೆರಿಕನ್ ಫುಟ್‌ಬಾಲ್. ಈ ಹುಡುಗರ ಕಣ್ಣೆಲ್ಲ ಎನ್‌ಎಫ್‌ಎಲ್ ಮೇಲೆ, ಅಂದರೆ ಈ ಆಟದ ವೃತ್ತಿಪರ ಲೀಗ್ ಮೇಲೆ. ಅವರಲ್ಲಿ ಒಬ್ಬನ ಜೊತೆ ಹೇಗೆ ಕೆಲಸ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. ನಮ್ಮ ಐಪಿಎಲ್‌ನಲ್ಲಿ ವೈಭವ್ ಸೂರ್ಯವಂಶಿ 2025ರಲ್ಲಿ 14ನೇ ವಯಸ್ಸಿಗೇ ಆಡಿದ. ಎನ್‌ಎಫ್‌ಎಲ್‌ನಲ್ಲಿ ಅದು ಆಗದ ಮಾತು. ಹೈಸ್ಕೂಲ್ ಮುಗಿಸಿ ಮೂರು ವರ್ಷ ಕಳೆಯುವ ತನಕ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಕಾಲೇಜು ತಂಡವೇ ಹೆಬ್ಬಾಗಿಲು. ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್ ನಡೆಯುತ್ತದೆ. 32 ತಂಡಗಳು ಏಳು ಸುತ್ತಿನಲ್ಲಿ ಸುಮಾರು 250 ಹುಡುಗರನ್ನು ಆರಿಸಿಕೊಳ್ಳುತ್ತವೆ. ಅದಕ್ಕೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಅನ್ನುವ ದೊಡ್ಡ ಪರೀಕ್ಷೆ. ಅದಕ್ಕೆ ಕರೆ ಬರುವುದು 300 ಚಿಲ್ಲರೆ ಜನರಿಗೆ ಮಾತ್ರ. ಉಳಿದವರಿಗೆ ಅವರವರ ಕಾಲೇಜಿನಲ್ಲೇ ಪ್ರೊ ಡೇ ಅಂತ ಒಂದು ದಿನ ಇರುತ್ತದೆ. ತಂಡಗಳ ಸ್ಕೌಟ್‌ಗಳು, ಅಂದರೆ ಹೊಸ ಆಟಗಾರರನ್ನು ಹುಡುಕುವವರು, ಅಲ್ಲಿಗೇ ಬಂದು ಅಳೆದು, ಓಡಿಸಿ, ನೋಡಿ ಹೋಗುತ್ತಾರೆ.

ನನ್ನ ಹುಡುಗನಿಗೆ ಕಂಬೈನ್ ಕರೆ ಬರಲಿಲ್ಲ. ಚಿಕ್ಕ ಕಾಲೇಜಿನವನು, ಲೈನ್‌ಬ್ಯಾಕರ್. ಎದುರಾಳಿ ಚೆಂಡು ಹಿಡಿದು ನುಗ್ಗಿದಾಗ ಅಡ್ಡ ಹೋಗಿ ಕೆಡಹುವ ಜಾಗ ಅದು. ಅವನ ಆಟದ ವಿಡಿಯೊ ನೋಡಿದರೆ ಖುಷಿಯಾಗುತ್ತಿತ್ತು. ಎದುರಿನವರ ಕಾಲು ನೋಡಿಯೇ ಚೆಂಡು ಎತ್ತ ಹೋಗುತ್ತದೆ ಅಂತ ತಿಳಿದುಬಿಡುತ್ತಿದ್ದ. ಆದರೆ ಬಂದ ವಾರ 40 ಗಜ ಓಡಿಸಿದಾಗ ಸ್ಟಾಪ್‌ವಾಚ್ 4.82 ಸೆಕೆಂಡ್ ತೋರಿಸಿತು. ಅವನ ಜಾಗಕ್ಕೆ ಅದು ಸ್ವಲ್ಪ ನಿಧಾನವೇ. ದೊಡ್ಡ ಕಾಲೇಜಿನವನಾದರೆ ನಡೆಯುತ್ತದೆ. ಹೆಸರೇ ಕೇಳದ ಕಾಲೇಜಿನಿಂದ ಬಂದವನ ವಿಡಿಯೊವನ್ನು ಸ್ಕೌಟ್ ಮತ್ತೊಮ್ಮೆ ಹಾಕಿ ನೋಡಬೇಕಾದರೆ ಮೊದಲು ಆ ಅಂಕಿ ಅವನನ್ನು ತಡೆದು ನಿಲ್ಲಿಸಬೇಕು.

ಈ ಎರಡು ಮೂರು ತಿಂಗಳಲ್ಲಿ ನಾವು ಆಟ ಕಲಿಸುವುದಿಲ್ಲ. ನಮ್ಮಲ್ಲಿ ಪಿಯುಸಿ ಮಕ್ಕಳು ಸಿಇಟಿ ಕೋಚಿಂಗ್‌ಗೆ ಹೋಗುತ್ತಾರಲ್ಲ, ಹಾಗೆ ಇದು. ಪ್ರಶ್ನೆಪತ್ರಿಕೆ ಮೊದಲೇ ಗೊತ್ತು: 40 ಗಜದ ಓಟ, ನಿಂತಲ್ಲಿಂದ ಮೇಲಕ್ಕೆ ಜಿಗಿತ, ಮುಂದಕ್ಕೆ ಜಿಗಿತ, ಶಂಕುಗಳ ಸುತ್ತ ತಿರುಗಿ ಓಡುವ ಎರಡು ಪರೀಕ್ಷೆ, 225 ಪೌಂಡ್ ಅಂದರೆ ಸುಮಾರು 102 ಕಿಲೋ ಭಾರವನ್ನು ಮಲಗಿ ಎಷ್ಟು ಸಲ ಎತ್ತುತ್ತೀಯ ಅನ್ನುವುದು. ಇವುಗಳಲ್ಲಿ ನಾನು ಹೆಚ್ಚು ಸಮಯ ಕೊಟ್ಟದ್ದು ಓಟಕ್ಕೆ, ಅದರಲ್ಲೂ ಮೊದಲ 10 ಗಜಕ್ಕೆ. ಭಾರ ಎತ್ತುವುದಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ಮಲಗಿ ಎತ್ತಿದ ಭಾರಕ್ಕೂ ಮೈದಾನದಲ್ಲಿ ಒಬ್ಬನನ್ನು ಕೆಡಹುವುದಕ್ಕೂ ಸಂಬಂಧ ತೀರಾ ಕಮ್ಮಿ ಅಂತ ನನ್ನ ನಂಬಿಕೆ. ಎಲ್ಲರಂತೆ ಒಂದು ಮಟ್ಟಕ್ಕೆ ಎತ್ತಿದರೆ ಸಾಕು.

ಮೊದಲ 10 ಗಜ ಯಾಕೆ ಅಂದರೆ, ಲೈನ್‌ಬ್ಯಾಕರ್ ಪಂದ್ಯದಲ್ಲಿ 40 ಗಜ ನೇರ ಓಡುವುದೇ ಅಪರೂಪ. ಐದು, ಹತ್ತು ಗಜದ ಸಿಡಿತವೇ ಅವನ ದಿನನಿತ್ಯದ ಕೆಲಸ. ಸ್ಕೌಟ್‌ಗಳಿಗೂ ಇದು ಗೊತ್ತು. ಮೊದಲ 10 ಗಜದ ಸಮಯವನ್ನು ಬೇರೆಯೇ ಬರೆದುಕೊಳ್ಳುತ್ತಾರೆ. ಇನ್ನೊಂದು, ಕಡಿಮೆ ಸಮಯದಲ್ಲಿ ತಿದ್ದಲು ಸಾಧ್ಯ ಇರುವುದೂ ಅದೇ. 22 ವರ್ಷದ ಹುಡುಗನ ಗರಿಷ್ಠ ವೇಗವನ್ನು ಎಂಟು ಹತ್ತು ವಾರದಲ್ಲಿ ಜಾಸ್ತಿ ಏರಿಸಲು ಆಗುವುದಿಲ್ಲ. ಹೊರಡುವ ರೀತಿಯನ್ನು ಖಂಡಿತ ಬದಲಾಯಿಸಬಹುದು.

ಟ್ರ್ಯಾಕ್‌ನಲ್ಲಿ ಓಡಿದವರಿಗೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಕಾಣುತ್ತದೆ. ನಮಗೆ ಪಿಸ್ತೂಲಿನ ಸದ್ದು ಇತ್ತು. ಇಲ್ಲಿ ಸದ್ದೇ ಇಲ್ಲ. ಒಂದು ಕೈಯನ್ನು ನೆಲಕ್ಕೂರಿ, ಅಲ್ಲಾಡದೆ ನಿಂತು, ಮನಸ್ಸು ಬಂದಾಗ ಹೊರಡಬಹುದು. ಅವನು ಅಲ್ಲಾಡಿದ ಕ್ಷಣಕ್ಕೆ ಸ್ಕೌಟ್‌ನ ಹೆಬ್ಬೆರಳು ವಾಚ್ ಒತ್ತುತ್ತದೆ. ನಾನು ಮೊಬೈಲಿನಲ್ಲಿ ಪಕ್ಕದಿಂದ ಸ್ಲೋ ಮೋಷನ್ ವಿಡಿಯೊ ತೆಗೆದು ಅವನಿಗೆ ತೋರಿಸಿದೆ. ಹೊರಡುವ ಮುಂಚೆ ಅವನ ಸೊಂಟ ಒಂಚೂರು ಹಿಂದಕ್ಕೆ ಸರಿಯುತ್ತಿತ್ತು, ತಲೆ ಮೇಲೇಳುತ್ತಿತ್ತು. ಆಮೇಲೆ ಮುಂದಕ್ಕೆ ಹಾರುತ್ತಿದ್ದ. ವಾಚ್ ಶುರುವಾಗುವುದು ಸೊಂಟ ಸರಿದಾಗ, ಹುಡುಗ ಶುರುವಾಗುವುದು ಆಮೇಲೆ. ಬರೀ ಅಷ್ಟರಲ್ಲೇ ಅವನು ಓಡದೆ ಸಮಯ ಕಳೆದುಕೊಳ್ಳುತ್ತಿದ್ದ.

ಅದನ್ನು ಹೀಗೆ ತಿದ್ದಿದೆವು. ಮುಂದಿನ ಕಾಲನ್ನು ಗೆರೆಯಿಂದ ಸುಮಾರು ಒಂದೂವರೆ ಪಾದ ಹಿಂದೆ ಇಡಿಸಿದೆ. ಹಿಂದಿನ ಕಾಲಿನ ಬೆರಳು ಮುಂದಿನ ಕಾಲಿನ ಹಿಮ್ಮಡಿಯ ಹತ್ತಿರ. ಎಡಗಾಲು ಮುಂದಿದ್ದರೆ ಬಲಗೈ ನೆಲಕ್ಕೆ. ಸೊಂಟ ಭುಜಕ್ಕಿಂತ ತುಸು ಮೇಲೆ. ಆಮೇಲೆ ಮೈಭಾರವನ್ನು ನಿಧಾನವಾಗಿ ಊರಿದ ಬೆರಳುಗಳ ಮೇಲೆ ತರುವುದು. ಎಷ್ಟು ತರಬೇಕು? ಆ ಕೈ ಎತ್ತಿದರೆ ಮುಖ ಅಡಿಯಾಗಿ ಬೀಳಬೇಕು, ಅಷ್ಟು. ನಿಜಕ್ಕೂ ಎತ್ತಿಸಿ ನೋಡುತ್ತಿದ್ದೆ. ಬೀಳದಿದ್ದರೆ ಭಾರ ಇನ್ನೂ ಹಿಂದೆಯೇ ಇದೆ ಅಂತ ಅರ್ಥ. ಹಾಗೆ ನಿಂತವನಿಗೆ ಹಿಂದಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಕೈ ಹಿಂದಕ್ಕೆ ಬೀಸಿದ ತಕ್ಷಣ ಮುಂದಕ್ಕೆ ಹೋಗಲೇಬೇಕು.

'ಕೋಚ್, ಬೆರಳು ಉರಿಯುತ್ತೆ' ಅಂತ ಹೇಳುತ್ತಿದ್ದ. ಬೆರಳು ಉರಿದರೆ ಸರಿಯಾಗಿ ನಿಂತಿದ್ದೀಯ ಅಂತ ಹೇಳುತ್ತಿದ್ದೆ.

ಮೊದಲ ಕೆಲವು ಹೆಜ್ಜೆಗೆ ಭಾರ ಹೇರಿದ ಸ್ಲೆಡ್, ಅಂದರೆ ಚಕ್ರವಿಲ್ಲದ ಬಂಡಿ, ಎಳೆಸುತ್ತಿದ್ದೆ. ಅದನ್ನು ಎಳೆಯುವಾಗ ಮೈ ಬಾಗಿಸಿ, ನೆಲವನ್ನು ಹಿಂದಕ್ಕೆ ಒದೆಯದೆ ಬೇರೆ ದಾರಿ ಇಲ್ಲ. ಬಾಯಲ್ಲಿ ನೂರು ಸಲ ಹೇಳುವುದಕ್ಕಿಂತ ಇದು ಬೇಗ ಮೈಗೆ ಹತ್ತುತ್ತದೆ. ಸ್ಲೆಡ್ ಬಿಚ್ಚಿದ ಮೇಲೆ ಖಾಲಿ ಮೈಯಲ್ಲಿ ಒಂದೆರಡು ಓಟ, ಪೂರ್ತಿ ವಿಶ್ರಾಂತಿ ಕೊಟ್ಟು. ವೇಗ ಕಲಿಯುವಾಗ ಸುಸ್ತಾಗಬಾರದು. ಬೆವರು ಸುರಿಸಿದರೆ ಮಾತ್ರ ಅಭ್ಯಾಸ ಅಂತ ನಂಬಿ ಬೆಳೆದ ಹುಡುಗರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ಸುಮ್ನೆ ಕೂತ ಐದು ನಿಮಿಷವೂ ಅಭ್ಯಾಸದ ಭಾಗವೇ.

ಅವನ ಎಡ ತೊಡೆಯ ಹಿಂಭಾಗದ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹಿಂದೆ ಒಮ್ಮೆ ಎಳೆದಿತ್ತು. ಈ ಕಾಲದಲ್ಲಿ ನನಗೆ ಇರುವ ದೊಡ್ಡ ಭಯ ಇದೇ. ಪ್ರೊ ಡೇಗೆ ಎರಡು ವಾರ ಇರುವಾಗ ಅದು ಮತ್ತೆ ಎಳೆದರೆ ವರ್ಷಗಳ ಶ್ರಮ ನೀರಲ್ಲಿ ಹೋಮ. ಮಂಡಿಯೂರಿ ಕೂರಿಸಿ, ನಾನು ಕಣಕಾಲು ಅದುಮಿ ಹಿಡಿದು, ಅವನು ಮುಂದಕ್ಕೆ ತೀರಾ ನಿಧಾನವಾಗಿ ಬೀಳುವ ವ್ಯಾಯಾಮ ಒಂದಿದೆ. ನಾರ್ಡಿಕ್ ಅಂತ ಕರೆಯುತ್ತಾರೆ. ಅದನ್ನು ಶುರುವಿನಿಂದಲೇ ಬಿಡದೆ ಮಾಡಿಸಿದೆ. ಜೊತೆಗೆ ವಾರದಲ್ಲಿ ಒಂದೆರಡು ದಿನ ಪೂರ್ತಿ ವೇಗದಲ್ಲಿ ಓಡಿಸಿದೆ. ಗಾಯ ಆಗಬಹುದು ಅಂತ ವೇಗದ ಓಟವನ್ನೇ ತಪ್ಪಿಸಿದರೆ, ಪರೀಕ್ಷೆಯ ದಿನ ಆ ಸ್ನಾಯು ಅಂಥ ಸೆಳೆತವನ್ನು ಮೊದಲ ಸಲ ನೋಡುತ್ತದೆ. ಅದಕ್ಕಿಂತ ಅಪಾಯ ಬೇರೆ ಇಲ್ಲ.

ಊಟದಲ್ಲಿ ಹೆಚ್ಚಿನ ವಿಶೇಷ ಇಲ್ಲ. 107 ಕಿಲೋ ಬಂದವನನ್ನು 104ಕ್ಕೆ ಇಳಿಸಿದೆವು, ನಿಧಾನವಾಗಿ. ಕೋಳಿ, ಮೊಟ್ಟೆ, ಅನ್ನ, ತರಕಾರಿ. ಸಂಜೆ ಅಭ್ಯಾಸ ಮುಗಿದ ಮೇಲೆ ಅವನಿಗೆ ಏನೂ ಸೇರುತ್ತಿರಲಿಲ್ಲ. ಒಂದು ದಿನ ನನ್ನ ಡಬ್ಬಿಯ ಮೊಸರನ್ನ ಕೊಟ್ಟೆ. ತಣ್ಣಗಿದೆ, ಒಳಗೆ ಇಳಿಯುತ್ತೆ ಅಂದ. ಆಮೇಲೆ ದಿನಾ ಎರಡು ಡಬ್ಬಿ ಒಯ್ಯುತ್ತಿದ್ದೆ. ಪುಡಿ, ಮಾತ್ರೆಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಸ್ವತಂತ್ರ ಸಂಸ್ಥೆ ಪರೀಕ್ಷಿಸಿದ ಮುದ್ರೆ ಡಬ್ಬದ ಮೇಲೆ ಇಲ್ಲದಿದ್ದರೆ ಮುಟ್ಟಬೇಡ ಅಂತ ಹೇಳಿದ್ದೆ. ನಿಷೇಧಿತ ಮದ್ದು ಮೈಯಲ್ಲಿ ಸಿಕ್ಕಿಬಿದ್ದರೆ ಗೊತ್ತಿರಲಿಲ್ಲ ಅನ್ನುವ ಮಾತು ನಡೆಯುವುದಿಲ್ಲ.

ದುಡ್ಡಿನ ಮಾತೂ ಹೇಳಬೇಕು. ದೊಡ್ಡ ಹೆಸರಿನ ಆಟಗಾರರಿಗೆ ಏಜೆಂಟರೇ ಈ ತರಬೇತಿಯ ಖರ್ಚು ಹಾಕುತ್ತಾರೆ. ಮುಂದೆ ಒಪ್ಪಂದ ಆದರೆ ಏಜೆಂಟರು ಹೆಚ್ಚೆಂದರೆ ಶೇಕಡಾ 3 ತೆಗೆದುಕೊಳ್ಳಬಹುದು ಅಂತ ಆಟಗಾರರ ಸಂಘದ ನಿಯಮ ಇದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು. ಆದರೆ ಚಿಕ್ಕ ಕಾಲೇಜಿನ ಲೈನ್‌ಬ್ಯಾಕರ್‌ಗೆ ಯಾವ ಜಾಹೀರಾತು ಬರುತ್ತೆ ಹೇಳಿ? ಇವನು ಬೆಳಿಗ್ಗೆ ನಮ್ಮಲ್ಲಿ ಅಭ್ಯಾಸ ಮಾಡಿ, ಮಧ್ಯಾಹ್ನ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸಿ, ಸಂಜೆ ಮತ್ತೆ ಬರುತ್ತಿದ್ದ. ಆ ಪೆಟ್ಟಿಗೆಗಳನ್ನೂ ಲೆಕ್ಕಕ್ಕೆ ಹಿಡಿದು ನಾನು ಅವನ ಕಸರತ್ತು ಇಳಿಸಬೇಕಾಗುತ್ತಿತ್ತು. ಪ್ರತಿಭೆ ಇದ್ದೂ ಇಂಥ ಕಡೆ ಸೋತು ಮನೆಗೆ ಹೋದವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಪ್ರೊ ಡೇ ಮಾರ್ಚ್‌ನಲ್ಲಿತ್ತು. ಸ್ಕೌಟ್‌ಗಳು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಗೆರೆಯ ಉದ್ದಕ್ಕೂ ನಿಂತಿದ್ದರು. ಹುಡುಗ ಕೈಯೂರಿದ, ಬೆರಳಿನ ಮೇಲೆ ಭಾರ ತಂದ, ಒಂದು ಕ್ಷಣ ಕಲ್ಲಿನ ಹಾಗೆ ನಿಂತ, ಹೊರಟ. ಸೊಂಟ ಹಿಂದಕ್ಕೆ ಸರಿಯಲಿಲ್ಲ. ನನ್ನ ವಾಚ್‌ನಲ್ಲಿ 4.66. ಅವನು ತಿರುಗಿ ನನ್ನ ಮುಖ ನೋಡಿದ, ನಾನು ಹೆಬ್ಬೆರಳು ಎತ್ತಿದೆ. ಒಬ್ಬ ಸ್ಕೌಟ್ ಅವನ ಹತ್ತಿರ ಹೋಗಿ ಆಟದ ವಿಡಿಯೊ ಪೂರ್ತಿ ಎಲ್ಲಿ ಸಿಗುತ್ತೆ ಅಂತ ಕೇಳಿದ. ನಮಗೆ ಬೇಕಿದ್ದದ್ದು ಅದೇ ಪ್ರಶ್ನೆ.

ಅಂಕಿಯೇ ಎಲ್ಲ ಅಲ್ಲ ಅನ್ನುವವರು ಟಾಮ್ ಬ್ರೇಡಿಯ ಹೆಸರು ಹೇಳುತ್ತಾರೆ. 2000ದ ಕಂಬೈನ್‌ನಲ್ಲಿ ಅವನ 40 ಗಜ 5.28 ಸೆಕೆಂಡ್, ಡ್ರಾಫ್ಟ್‌ನಲ್ಲಿ 199ನೆಯವನಾಗಿ ಆಯ್ಕೆಯಾದ, ಆಮೇಲೆ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಏಳು ಸಲ ಗೆದ್ದ. ನಿಜ. ಆದರೆ ಅವನು ಕ್ವಾರ್ಟರ್‌ಬ್ಯಾಕ್, ನಿಂತು ಚೆಂಡು ಎಸೆಯುವವನು, ಅದೂ ಮಿಷಿಗನ್‌ನಂಥ ದೊಡ್ಡ ವಿಶ್ವವಿದ್ಯಾಲಯದಿಂದ ಬಂದವನು. ನನ್ನ ಹುಡುಗನಿಗೆ ಆ ಉದಾಹರಣೆ ಕೊಟ್ಟು ಸಮಾಧಾನ ಮಾಡುವುದು ಸರಿ ಅಂತ ನನಗೆ ಅನಿಸಲಿಲ್ಲ.

ಡ್ರಾಫ್ಟ್‌ನ ಏಳೂ ಸುತ್ತಿನಲ್ಲಿ ಅವನ ಹೆಸರು ಬರಲಿಲ್ಲ. ನಾವು ಅದಕ್ಕೆ ತಯಾರಾಗಿಯೇ ಇದ್ದೆವು. ಅವತ್ತು ರಾತ್ರಿಯೇ ಒಂದು ತಂಡ ಹೊಸಬರ ಶಿಬಿರಕ್ಕೆ ಕರೆಯಿತು, ಒಪ್ಪಂದ ಇಲ್ಲದೆ, ಬರೀ ಪರೀಕ್ಷಾರ್ಥ. ಮರುದಿನದಿಂದಲೇ 40 ಗಜದ ಓಟ ನಿಲ್ಲಿಸಿದೆವು. ಶಿಬಿರದಲ್ಲಿ ಬೇಕಿರುವುದು ಬೇರೆ ಮೈ: ಕೆಲವು ಸೆಕೆಂಡ್ ಸಿಡಿ, ಅರ್ಧ ನಿಮಿಷ ಉಸಿರಾಡು, ಮತ್ತೆ ಸಿಡಿ. ಪಕ್ಕಕ್ಕೆ ಸರಿ, ಹಿಂದಕ್ಕೆ ಓಡು, ನಿಲ್ಲು, ತಿರುಗು. ಶಿಬಿರ ಮುಗಿದ ಮೇಲೆ ತಂಡದವರು ಅವನನ್ನು ತಮ್ಮ 90 ಜನರ ಪಟ್ಟಿಗೆ ಸೇರಿಸಿಕೊಂಡರು. ಆಗಸ್ಟ್ ಕೊನೆಗೆ ಆ ಪಟ್ಟಿ 53ಕ್ಕೆ ಇಳಿಯುತ್ತದೆ. ಅದರಲ್ಲಿ ಸಿಗದಿದ್ದರೆ ಅಭ್ಯಾಸದ ತಂಡದಲ್ಲಿ ಇನ್ನೂ 16 ಜಾಗ ಇರುತ್ತವೆ. ಈಗ ಅವನು ಅಲ್ಲಿಂದ ವಾರಕ್ಕೊಮ್ಮೆ ವಿಡಿಯೊ ಕಳಿಸುತ್ತಾನೆ, ನಾನು ನೋಡಿ ಸೊಂಟ, ಪಾದ, ತಲೆ ಅಂತ ಬರೆದು ಕಳಿಸುತ್ತೇನೆ.