ಲಂಚ ಕೇಳಿದರೆ ದೂರು ಹೇಗೆ? ಗಡಿನಾಡಿನವರು ತಿಳಿದಿರಬೇಕಾದ ಬದಲಾದ ಕ್ರಮ

ಪೋಕುವರವು (ಜಮೀನಿನ ಖಾತೆ ಬದಲಾವಣೆ) ಆಗಬೇಕು, ಮನೆಗೆ ನಂಬರ್ ಸಿಗಬೇಕು, ಕಡತ ಮಾತ್ರ ಮೇಜು ಬಿಟ್ಟು ಏಳುವುದಿಲ್ಲ. ಕೊನೆಗೆ ಒಂದು ಮೊತ್ತ ಕಿವಿಗೆ ಬೀಳುತ್ತದೆ. "ಮೊದಲು ಕೊಟ್ಟು ಕೆಲಸ ಮುಗಿಸಿ, ದೂರು ಆಮೇಲೆ ನೋಡುವ" ಎಂದು ಬುದ್ಧಿ ಹೇಳುವವರು ಈಗಲೂ ಇದ್ದಾರೆ. ಒಂದು ಕಾಲಕ್ಕೆ ಆ ಮಾತಿಗೆ ಸ್ವಲ್ಪ ಆಸರೆಯೂ ಇತ್ತು. ತಾನು ಲಂಚ ಕೊಟ್ಟೆನೆಂದು ಹೇಳಿಕೆ ನೀಡಿದವನ ಮೇಲೆ ಆ ಹೇಳಿಕೆಯ ಕಾರಣಕ್ಕೇ ಕೇಸು ಹಾಕಬಾರದು ಎಂದು 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತಿತ್ತು. 2018ರ ಜುಲೈ 26ರಂದು ಜಾರಿಗೆ ಬಂದ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಈಗ ಕೊಟ್ಟವನಿಗೂ 7 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಯಾವ ಬಾಗಿಲು ತಟ್ಟಬೇಕು

ಕಾಸರಗೋಡಿನವರು ಹೆಚ್ಚಾಗಿ ಎಡವುವುದು ಇಲ್ಲೇ. ಕನ್ನಡ ವಾಹಿನಿಗಳಲ್ಲಿ "ಲೋಕಾಯುಕ್ತ ದಾಳಿ" ನೋಡಿ ನೋಡಿ, ಇಲ್ಲಿಯೂ ಲೋಕಾಯುಕ್ತಕ್ಕೆ ಬರೆದರೆ ಲಂಚ ಪಡೆಯುವಾಗಲೇ ಹಿಡಿಯಲು ಬಲೆ (ಟ್ರ್ಯಾಪ್) ಬೀಸುತ್ತಾರೆಂದು ನಂಬಿದವರು ಬಹಳ. ಕೇರಳದಲ್ಲಿ ಆ ಕೆಲಸ ವಿಜಿಲೆನ್ಸ್ ಆ್ಯಂಡ್ ಆ್ಯಂಟಿ ಕರಪ್ಷನ್ ಬ್ಯೂರೋದ್ದು. ಕಾಸರಗೋಡಿನಲ್ಲೇ ಡಿವೈಎಸ್ಪಿ ದರ್ಜೆಯ ಘಟಕವಿದೆ, ಉಚಿತ ಕರೆ ಸಂಖ್ಯೆ 1064. ಕೇರಳದ ಲೋಕಾಯುಕ್ತ 1999ರ ಕಾಯ್ದೆಯಿಂದ ಬಂದ ವಿಚಾರಣಾ ಸಂಸ್ಥೆ. ತಪ್ಪಿತಸ್ಥರು ಹುದ್ದೆಯಲ್ಲಿ ಮುಂದುವರಿಯಬಾರದೆಂದು ಅದು ಹೇಳಿದರೆ ಮೊದಲು ಸರ್ಕಾರ ಪಾಲಿಸಲೇಬೇಕಿತ್ತು. 2022ರಲ್ಲಿ ವಿಧಾನಸಭೆ ಒಪ್ಪಿ, 2024ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿ ಆ ಹಲ್ಲನ್ನು ಕಿತ್ತಿತು. ನಾಳೆ ಬೆಳಗ್ಗೆ ಹಣ ತರಲು ಹೇಳಿದ್ದಾರೆ ಎಂಬ ತುರ್ತಿಗೆ ಅಲ್ಲಿ ಹೋಗಿ ಪ್ರಯೋಜನವಿಲ್ಲ.

ತಲಪಾಡಿ ದಾಟಿ ಮಂಗಳೂರಿನ ಕಚೇರಿಯಲ್ಲಿ ಕೇಳಿದ್ದಾದರೆ ಕರ್ನಾಟಕ ಲೋಕಾಯುಕ್ತ ಪೊಲೀಸರೇ ಸರಿ. ಅಲ್ಲಿಯೂ ದಾರಿ ಎರಡು ಸಲ ಬದಲಾಯಿತು. 2016ರ ಮಾರ್ಚಿನಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಹುಟ್ಟಿತು, 2022ರ ಆಗಸ್ಟ್ 11ರಂದು ಹೈಕೋರ್ಟ್ ಅದನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ಮರಳಿಸಿತು. ಹಳೆಯ ಎಸಿಬಿ ನಂಬರ್ ಫೋನಿನಲ್ಲಿ ಉಳಿದಿದ್ದರೆ ಅಳಿಸಿ. ಕೇಂದ್ರ ಸರ್ಕಾರದ ನೌಕರರಾದರೆ ಸಿಬಿಐ.

ಏಳು ದಿನದ ಲೆಕ್ಕ

ಕೊಡುವ ಮೊದಲೇ ತಿಳಿಸಿ, ತನಿಖೆಗೆ ನೆರವಾಗಲೆಂದು ಕೊಟ್ಟ ಹಣ ಅಪರಾಧವಲ್ಲ. ಬಲವಂತಕ್ಕೆ ಸಿಕ್ಕಿ ಆಗಲೇ ಕೊಟ್ಟಿದ್ದರೆ, ಕೊಟ್ಟ ದಿನದಿಂದ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಎಂಟನೇ ದಿನ ಹೋದವನು ದೂರುದಾರನಷ್ಟೇ ಅಲ್ಲ, ಆರೋಪಿಯೂ ಆಗಬಹುದು. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ತಾರೀಕು ಹಾಕಿದ ಬರಹ ಕೊಟ್ಟು ಸ್ವೀಕೃತಿ ಪಡೆಯಿರಿ. ಕಷ್ಟದಲ್ಲಿರುವವನಿಗೆ ಏಳು ದಿನ ತೀರಾ ಬಿಗಿಯಾಯಿತು ಎಂಬ ಟೀಕೆ ನ್ಯಾಯವೇ, ಆದರೆ ಸದ್ಯದ ಕಾನೂನು ಅದೇ.

ದೂರಿನಲ್ಲಿ ಏನಿರಬೇಕು

ಅರ್ಜಿಯ ನಂಬರ್ ಮತ್ತು ದಿನ, ಕೇಳಿದವರ ಹೆಸರು ಹುದ್ದೆ, ಕೇಳಿದ ಜಾಗ ಮತ್ತು ಗಂಟೆ, ಮೊತ್ತ, ಆಗಲೇ ಕೊಟ್ಟ ಭಾಗ ಇದ್ದರೆ ಅದು. ಕೇಳಿದ ಮಾತು ಮಲಯಾಳದಲ್ಲಿದ್ದರೆ ಮಲಯಾಳದಲ್ಲೇ, ತುಳುವಿನಲ್ಲಿದ್ದರೆ ತುಳುವಿನಲ್ಲೇ ಬರೆಯಿರಿ. ತಿದ್ದಿ ಚಂದ ಮಾಡಬೇಡಿ. ಉಳಿದ ದೂರು ಕನ್ನಡದಲ್ಲಿದ್ದರೆ ತೊಂದರೆಯಿಲ್ಲ. ಸಂವಿಧಾನದ 350ನೇ ವಿಧಿ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಿರುವ ಯಾವ ಭಾಷೆಯಲ್ಲೂ ಕೊಡಬಹುದೆನ್ನುತ್ತದೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯೂ ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಪೊಲೀಸರು ನಿಮ್ಮ ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಂಡರೆ, ಓದಿಸಿ ಅರ್ಥ ತಿಳಿಯದೆ ಸಹಿ ಹಾಕಬೇಡಿ.

ಫೋನ್ ರೆಕಾರ್ಡಿಂಗ್ ಇದ್ದರೆ ಅದೇ ಫೋನನ್ನು ಹಾಗೆಯೇ ಇಡಿ. ಕತ್ತರಿಸಿ ವಾಟ್ಸಾಪಿನಲ್ಲಿ ಹಂಚಿದ ತುಣುಕು ಕೋರ್ಟಿನಲ್ಲಿ ಕೈ ಕೊಡುತ್ತದೆ. 2024ರ ಜುಲೈ 1ರಿಂದ ಸಾಕ್ಷ್ಯ ಕಾನೂನು ಹೊಸದು. ರೆಕಾರ್ಡಿಂಗ್‌ನಂಥ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಲಗತ್ತಿಸುತ್ತಿದ್ದ ಹಳೆಯ 65ಬಿ ಪ್ರಮಾಣಪತ್ರದ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನದು, ಫೈಲಿನ ಹ್ಯಾಶ್ ಮೌಲ್ಯ (ಫೈಲನ್ನು ತಿದ್ದಿದರೆ ಬದಲಾಗುವ ಗುರುತು ಸಂಖ್ಯೆ) ಸಮೇತ ಬೇಕು. ದಲ್ಲಾಳಿಯ ನಂಬರಿಗೆ ಗೂಗಲ್ ಪೇ ಮಾಡಿಸಿಕೊಂಡಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ. ಆ ದಲ್ಲಾಳಿಯನ್ನು ಹಿಡಿಯಲು ಭ್ರಷ್ಟಾಚಾರ ತಡೆ ಕಾಯ್ದೆಯ 7ಎ ಸೆಕ್ಷನ್ ಇದೆ.

ಬಲೆಯ ದಿನ

ನೀವು ತಂದ ನೋಟುಗಳ ನಂಬರನ್ನು ಮಹಜರಿನಲ್ಲಿ ಬರೆದು, ಫಿನಾಲ್ಫ್ಥಲೀನ್ ಪುಡಿ ಸವರಿ ನಿಮ್ಮ ಜೇಬಿಗೆ ಇಡುತ್ತಾರೆ. ಆಮೇಲೆ ಅಧಿಕಾರಿ ಕೇಳುವವರೆಗೆ ಅದನ್ನು ಮುಟ್ಟಬೇಡಿ, ಅವರ ಕೈಯನ್ನೂ ಕುಲುಕಬೇಡಿ. ನಿಮ್ಮ ಕೈಯಿಂದ ಪುಡಿ ಅಂಟಿದರೆ ಮುಂದಿನ ಪರೀಕ್ಷೆಗೆ ಬೆಲೆಯಿಲ್ಲ. ಹಣ ತೆಗೆದುಕೊಂಡವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿದಾಗ ನೀರು ಗುಲಾಬಿಗೆ ತಿರುಗುತ್ತದೆ. ಅದನ್ನು ಶೀಶೆಗೆ ತುಂಬಿ ಮೊಹರು ಮಾಡುತ್ತಾರೆ.

ಗುಲಾಬಿ ನೀರು ಸಿಕ್ಕರೆ ಕೇಸು ಗೆದ್ದಂತೆ ಎಂದು ತಿಳಿಯಬೇಡಿ. ಬರೇ ನೋಟು ಸಿಕ್ಕಿದ್ದು ಸಾಲದು, ಕೇಳಿದ್ದೂ ಪಡೆದದ್ದೂ ಎರಡೂ ಸಾಬೀತಾಗಬೇಕು. ಆದ್ದರಿಂದ ನೀವಾಗಿ ಮೇಜಿನ ಮೇಲಿಟ್ಟು ಬರಬೇಡಿ, ಫೈಲಿನೊಳಗೆ ತುರುಕಬೇಡಿ. ಕೆಲಸದ ಮಾತು ಎತ್ತಿ ಕಾಯಿರಿ. ಅವರೇ ಕೇಳಲಿ, ಅವರೇ ಕೈ ಚಾಚಲಿ, ಆಮೇಲೆ ಕೊಟ್ಟು ಸನ್ನೆ ಮಾಡಿ. ಅವತ್ತು ಕೇಳದಿದ್ದರೆ ಹಣ ವಾಪಸು ತನ್ನಿ.

ಸರ್ಕಾರಿ ನೌಕರರು ಹುದ್ದೆಯಲ್ಲಿ ಮಾಡಿದ ತೀರ್ಮಾನಗಳ ಬಗ್ಗೆ ತನಿಖೆ ನಡೆಸಲು 2018ರ ಬಳಿಕ ಅದೇ ಕಾಯ್ದೆಯ 17ಎ ಅಡಿಯಲ್ಲಿ ಪೂರ್ವಾನುಮತಿ ಬೇಕು. ಲಂಚ ಪಡೆಯುವಾಗಲೇ ಸ್ಥಳದಲ್ಲಿ ಹಿಡಿಯುವುದಕ್ಕೆ ಆ ತಡೆ ಇಲ್ಲ. ಟ್ರ್ಯಾಪ್‌ಗೇ ತನಿಖಾಧಿಕಾರಿಗಳು ಒಲವು ತೋರುವುದಕ್ಕೆ ಇದೂ ಒಂದು ಕಾರಣ.

ಆಮೇಲಿನ ಕೆಲಸ

ನೋಟುಗಳು ತೊಂಡಿಯಾಗಿ (ಕೇಸಿನ ಸಾಕ್ಷ್ಯವಸ್ತುವಾಗಿ) ಉಳಿಯುತ್ತವೆ. ಆ ಮೊತ್ತ ಯಾವಾಗ, ಹೇಗೆ ಕೈಸೇರುತ್ತದೆ ಎಂದು ಮೊದಲ ದಿನವೇ ಕೇಳಿಡಿ. ನಿಮ್ಮ ಕಡತವನ್ನೂ ಜಪ್ತಿ ಮಾಡಬಹುದು, ಆದ್ದರಿಂದ ಅರ್ಜಿ ಮತ್ತು ರಶೀದಿಗಳ ಪ್ರತಿ ಮನೆಯಲ್ಲಿರಲಿ. ಮೂಲ ಕೆಲಸ ಅಲ್ಲಿಗೇ ನಿಲ್ಲಬಾರದು. ಕೇರಳದ ಸೇವಾ ಹಕ್ಕು ಕಾಯ್ದೆಯಡಿ ಮೇಲ್ಮನವಿ ಹಾಕಿ. ತಡ ಮಾಡಿದವರಿಗೆ ಅದರಲ್ಲಿ ದಂಡವಿದೆ.

ಪಡೆದವರಿಗೆ ಶಿಕ್ಷೆ ಮೊದಲು 6 ತಿಂಗಳಿಂದ 5 ವರ್ಷ ಇತ್ತು. 2014ರಲ್ಲಿ ಲೋಕಪಾಲ ಕಾಯ್ದೆ ಜಾರಿಯಾದಾಗ 3ರಿಂದ 7 ವರ್ಷವಾಯಿತು. ವಿಚಾರಣೆ 2 ವರ್ಷದಲ್ಲಿ ಮುಗಿಸಲು ಯತ್ನಿಸಬೇಕು, ಕಾರಣ ಬರೆದು ವಿಸ್ತರಿಸಿದರೂ ಒಟ್ಟು 4 ವರ್ಷ ಮೀರಬಾರದು ಎಂಬುದು ಕಾಯ್ದೆಯ ಮಾತು. ದೂರುದಾರ ತಿರುಗಿಬಿದ್ದರೆ ಅಥವಾ ತೀರಿಹೋದರೆ ಕೇಸು ಬಿದ್ದೇಹೋಗುತ್ತದೆ ಎಂಬ ವಾದಕ್ಕೆ 2022ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೆರೆ ಎಳೆದಿದೆ. ಸಾಂದರ್ಭಿಕ ಸಾಕ್ಷ್ಯದಿಂದಲೂ ಬೇಡಿಕೆಯನ್ನು ಸಾಬೀತುಪಡಿಸಬಹುದು. ಆದರೂ ಕೋರ್ಟಿಗೆ ಹೋಗುವ ಹಿಂದಿನ ದಿನ ನಿಮ್ಮ ಹೇಳಿಕೆಯನ್ನು ಮತ್ತೊಮ್ಮೆ ಓದಿಕೊಳ್ಳಿ, ಪಾಟಿ ಸವಾಲು ಶುರುವಾಗುವುದೇ ಅದರ ದಿನ ಮತ್ತು ಗಂಟೆಯಿಂದ.